ಬ್ಯಾಂಡ್ ಕಟ್ಟುವ ದಿನವೇ ಒಡೆಯುವ ಮಾತಾಡಿಕೊಳ್ಳಿ

ನಾಲ್ಕು ವರ್ಷ ಪಂಕ್, ಅಂದರೆ ಒರಟು, ವೇಗದ ರಾಕ್ ನುಡಿಸುವ ಬ್ಯಾಂಡೊಂದರಲ್ಲಿ ಡ್ರಮ್ಸ್ ಬಾರಿಸಿದವನು ನಾನು. ಕಟ್ಟಿದ್ದು ಒಂದೇ ಸಂಜೆಯಲ್ಲಿ, ಒಡೆದದ್ದು ಎಂಟು ತಿಂಗಳು ಎಳೆದಾಡಿ.

ಕಟ್ಟಲು ಮೂರು ಪವರ್ ಕಾರ್ಡ್ (ಗಿಟಾರಿನಲ್ಲಿ ಎರಡು ಸ್ವರ ಕೂಡಿಸಿ ನುಡಿಸುವ ಸರಳ ಪಟ್ಟು) ಬಂದರೆ ಸಾಕು. ಗಿಟಾರಿನವರು ಅಮೆರಿಕದ ರಾಮೋನ್ಸ್ ಬ್ಯಾಂಡಿನ ಗಿಟಾರಿಸ್ಟ್ ಜಾನಿ ರಾಮೋನ್ ಹಾಗೆ ಪಿಕ್ಕನ್ನು (ತಂತಿ ಮೀಟುವ ಬಿಲ್ಲೆ) ಬರೀ ಕೆಳಮುಖವಾಗಿ ಹೊಡೆಯುವುದನ್ನು ರೂಢಿಸಿಕೊಳ್ಳಲಿ. ಮೇಲೆ ಕೆಳಗೆ ಆಡಿಸಿದರೆ ಕೈಗೆ ಆರಾಮ, ಆದರೆ ಆ ಗರಗಸದ ಸದ್ದು ಹುಟ್ಟುವುದಿಲ್ಲ. ಮುಂಗೈ ಸೆಟೆದುಕೊಳ್ಳುತ್ತದೆ, ಅದಕ್ಕೇ ನಿಧಾನಕ್ಕೆ ಶುರುಮಾಡಿ ವಾರವಾರಕ್ಕೆ ವೇಗ ಏರಿಸಿ. ಡ್ರಮ್ಮರ್‌ಗಳಿಗೆ ನನ್ನದೊಂದೇ ಮಾತು: ಡ್ರಮ್ಸ್ ಕೆಳಗೆ ಹಾಸಲು ಹಳೆಯ ಜಮಖಾನೆ ಒಯ್ಯಿರಿ. ನಮ್ಮ ಮೊದಲ ಶೋನಲ್ಲಿ ಕಾಲಿನ ಪೆಡಲಿನಿಂದ ಬಾರಿಸುವ ಕಿಕ್ ಡ್ರಮ್ ಏಟಿಗಿಷ್ಟು ಜಾರುತ್ತಾ ಹೋಗಿ, ಮೂರನೇ ಹಾಡಿಗೆ ನಾನು ಸ್ಟೂಲಿನ ತುದಿಯಲ್ಲಿ ಕೂತು ಕಾಲು ಚಾಚಿ ಪೆಡಲ್ ತಡಕುತ್ತಿದ್ದೆ.

ರೆಕಾರ್ಡಿಂಗಿಗೆ ಯಾವ ಕಂಪನಿಯ ದಾರಿಯನ್ನೂ ಕಾಯಬೇಡಿ. ಇಂಗ್ಲೆಂಡಿನ ಪಂಕ್ ಬ್ಯಾಂಡ್ ಬಝ್‌ಕಾಕ್ಸ್‌ನವರು 1976ರ ಡಿಸೆಂಬರ್ ಕೊನೆಯಲ್ಲಿ 500 ಪೌಂಡ್ ಸಾಲ ಎತ್ತಿ, ಒಂದೇ ದಿನದಲ್ಲಿ ನಾಲ್ಕು ಹಾಡು ಮುಗಿಸಿ, ಮರುತಿಂಗಳು ತಾವೇ ಬಿಡುಗಡೆ ಮಾಡಿದರು. ಅದಾದ ಸ್ವಲ್ಪ ದಿನಕ್ಕೇ ಹಾಡುಗಾರ ಹೊವರ್ಡ್ ಡಿವೋಟೊ ಹೊರಟರು. ಗಿಟಾರಿನ ಪೀಟ್ ಶೆಲ್ಲಿ ಮೈಕು ಹಿಡಿದರು, ಬ್ಯಾಂಡ್ ನಡೆಯಿತು. ಒಬ್ಬರು ಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಕಿಲ್ಲ.

ಒಡಕು ಮೊದಲು ಕೇಳಿಸುವುದು ಪ್ರಾಕ್ಟೀಸಿನಲ್ಲಿ. ನಮ್ಮ ಗಿಟಾರಿಸ್ಟ್ ಆಂಪ್‌ನ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಸದ್ದು ಕೂದಲೆಳೆಯಷ್ಟು ಏರಿಸಿದ. ಬೇಸ್ ಗಿಟಾರಿನವನೂ ಏರಿಸಿದ. ಹಾಡುವವಳಿಗೆ ತನ್ನ ದನಿ ತನಗೇ ಕೇಳದೆ ಕಿರುಚತೊಡಗಿದಳು. ನಾನು ಕೋಲು ಮುರಿಯುವಂತೆ ಬಾರಿಸಿದೆ. ಯಾರೂ ಜಗಳವಾಡಲಿಲ್ಲ, ನೋಡಿ, ಅದೇ ತಪ್ಪಾದದ್ದು. ಹೀಗಾದ ದಿನ ಪ್ಲಗ್ ಕಿತ್ತು ಎದುರುಬದುರು ಕೂತು ಮಾತಾಡಿ. ರಾಮೋನ್ಸ್‌ನ ಹಾಡುಗಾರ ಜೋಯಿ ಮತ್ತು ಜಾನಿ ರಾಮೋನ್ ವರ್ಷಗಟ್ಟಲೆ ಮಾತು ಬಿಟ್ಟೇ 1996ರ ತನಕ ಒಟ್ಟಿಗೆ ನುಡಿಸಿದರು ನಿಜ. ಅಷ್ಟು ಗಟ್ಟಿ ಜೀವ ಎಲ್ಲರದ್ದಲ್ಲ. ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್ ಒಂದೇ ಆಲ್ಬಮ್ ಮಾಡಿ, 1978ರ ಜನವರಿಯಲ್ಲಿ ಅಮೆರಿಕ ಪ್ರವಾಸದ ಕೊನೆಗೆ ಚೂರಾಯಿತು.

ಇನ್ನು ಕಾಗದ. ಮೊದಲ ಹಾಡು ಕೂಡಿಬಂದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ: ಹಾಡು ಯಾರದ್ದು, ಯಾರಿಗೆಷ್ಟು ಪಾಲು, ಬಿಟ್ಟುಹೋದವರಿಗೇನು, ಹೆಸರು ಯಾರಿಗೆ ಉಳಿಯುತ್ತದೆ. ಅಮೆರಿಕದ ಡೆಡ್ ಕೆನಡೀಸ್ ಬ್ಯಾಂಡ್ 1986ರಲ್ಲೇ ಒಡೆದರೂ ರಾಯಲ್ಟಿ ಜಗಳ 1990ರ ದಶಕದ ಕೊನೆಗೆ ಕೋರ್ಟು ಹತ್ತಿತು. ನಮ್ಮಲ್ಲಿ ಜಗಳವಾಡುವಷ್ಟು ದುಡ್ಡೇ ಇರಲಿಲ್ಲ. ಕಿತ್ತಾಡಿದ್ದು ನಾಲ್ವರೂ ಹಣ ಹಾಕಿ ಕೊಂಡ ಒಂದು ಆಂಪ್‌ಗೆ. ಕೂಡಿ ಕೊಳ್ಳಲೇಬೇಡಿ, ಒಬ್ಬೊಬ್ಬರು ಒಂದೊಂದು ಸಾಮಾನು ಕೊಳ್ಳಿ.

ಅದೇ ಹಾಳೆಯಲ್ಲಿ ಬ್ಯಾಂಡಿನ ಪೇಜಿನ ಪಾಸ್‌ವರ್ಡೂ ಇರಲಿ. ನಮ್ಮದು ಬೇಸ್‌ನವನೊಬ್ಬನಿಗೇ ಗೊತ್ತಿತ್ತು, ಅವನೂ ಮರೆತ. ಒಡೆದು ಆರು ವರ್ಷವಾಯಿತು. ‘ಮುಂದಿನ ಶೋ ಸದ್ಯದಲ್ಲೇ’ ಅಂತ ಅಲ್ಲಿ ಇವತ್ತಿಗೂ ಇದೆ.