ಪ್ರತಿ ಕೆಲಸಕ್ಕೂ ಬೇರೆ ರೆಸ್ಯೂಮ್: ನಾನು ಮಾಡಿದ ರೀತಿ

ಕೆಲಸ ಹುಡುಕುವ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ನಾನು ಯಾರಿಗೂ ಕಳಿಸದ ಒಂದು ಫೈಲ್. ಅದಕ್ಕೆ ಮೂಲ ಫೈಲ್ ಅಂತ ಹೆಸರಿಟ್ಟಿದ್ದೆ. ಅಲ್ಲಿಯವರೆಗೆ ಮಾಡಿದ ಎಲ್ಲ ಕೆಲಸವೂ ಅದರಲ್ಲಿತ್ತು. ಯಾವ ಸಾಫ್ಟ್‌ವೇರ್ ಬಳಸಿದೆ, ಯಾವ ರಿಪೋರ್ಟ್ ಯಾರಿಗೆ ಕಳಿಸುತ್ತಿದ್ದೆ, ಎಷ್ಟು ಜನರ ಜೊತೆ ಕೆಲಸ ಮಾಡಿದೆ, ಯಾವ ತೊಂದರೆ ಬಂದಾಗ ಏನು ಮಾಡಿದೆ, ಹೊಸಬರಿಗೆ ಏನು ಕಲಿಸಿದೆ. ನೆನಪಾದಂತೆಲ್ಲ ಸೇರಿಸುತ್ತಾ ಹೋದೆ. ಹಲವು ಪುಟಗಳಾದವು. ರೆಸ್ಯೂಮ್ ಬರೆಯಲು ಬೇಕಾದ ಸರಕೆಲ್ಲ ಅಲ್ಲಿತ್ತು.

ಕೆಲಸಕ್ಕೆ ತಕ್ಕಂತೆ ರೆಸ್ಯೂಮ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಹೇಳುವವರು ಕಡಿಮೆ. ಮೂಲ ಫೈಲ್ ಇಲ್ಲದೆ ಬದಲಿಸಲು ಕೂತರೆ ಪ್ರತಿ ಸಲವೂ ನೆನಪಿನಿಂದಲೇ ಬರೆಯಬೇಕು. ನಾಲ್ಕು ಕಡೆಯಿಂದ ಉತ್ತರವೇ ಬಾರದೆ ಮನಸ್ಸು ಕುಗ್ಗಿರುವಾಗ ನೆನಪೂ ಕೈಕೊಡುತ್ತದೆ. ನಾನು ಏನೂ ಮಾಡೇ ಇಲ್ಲವಲ್ಲ ಅನ್ನಿಸಿಬಿಡುತ್ತದೆ. ಹಾಗಾಗಿ ಮನಸ್ಸು ಸ್ವಲ್ಪ ಹಗುರ ಇರುವ ದಿನ ಇದನ್ನು ಬರೆದಿಡಿ. ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಕೇಳಿ. "ನಾನು ಅಲ್ಲಿದ್ದಾಗ ಏನೇನು ನೋಡಿಕೊಳ್ಳುತ್ತಿದ್ದೆ, ನಿನಗೆ ನೆನಪಿದೆಯಾ?" ಅಂತ. ನನಗೆ ಮರೆತೇಹೋಗಿದ್ದ ಒಳ್ಳೆಯ ಸಂಗತಿಗಳು ಸಿಕ್ಕಿದ್ದು ಹಾಗೆ.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ, ಮುಂದಿನ ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ. ಗೋಡೌನ್‌ನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸ ನನ್ನದು. ಮಾಲು ಬಂದಾಗ ಎಣಿಸಿ ಒಳಗೆ ತೆಗೆದುಕೊಳ್ಳುವುದು, ಸಿಸ್ಟಮ್‌ನಲ್ಲಿ ಎಂಟ್ರಿ ಮಾಡುವುದು, ಆರ್ಡರ್ ಬಂದಂತೆ ಡಿಸ್ಪ್ಯಾಚ್ ಮಾಡಿಸುವುದು, ಖಾಲಿಯಾಗುತ್ತಿರುವುದನ್ನು ತರಿಸುವುದು. ಕಂಪನಿ ಆ ಗೋಡೌನನ್ನೇ ಮುಚ್ಚಿತು, ನಾವೆಲ್ಲ ಹೊರಗೆ ಬಂದೆವು. ಅದೇ ಹೆಸರಿನ ಕೆಲಸಗಳು ಆಗ ಜಾಸ್ತಿ ಇರಲಿಲ್ಲ. ಪಕ್ಕದ ಕೆಲಸಗಳು ಇದ್ದವು. ಖರೀದಿ ವಿಭಾಗ, ಡಿಸ್ಪ್ಯಾಚ್, ಇನ್ವೆಂಟರಿ ಲೆಕ್ಕ. ರೆಸ್ಯೂಮ್ ಬದಲಿಸುವುದು ನನಗೆ ಅನಿವಾರ್ಯವಾದದ್ದು ಅದಕ್ಕೇ.

ಮೊದಲ ಕೆಲಸ ಜಾಹೀರಾತನ್ನು ಓದುವುದು. ನಾನು ಅದನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದುತ್ತಿದ್ದೆ. ದಿನವೂ ಮಾಡಬೇಕಾದ ಕೆಲಸಗಳಿಗೆ ಅಡಿಗೆರೆ. ಇರಲೇಬೇಕು ಅಂದದ್ದಕ್ಕೆ ಸುತ್ತು. ಇದ್ದರೆ ಒಳ್ಳೆಯದು ಅಂದದ್ದಕ್ಕೆ ಬರೀ ಚುಕ್ಕೆ. ಆಮೇಲೆ ಯಾವ ಮಾತು ಮತ್ತೆ ಮತ್ತೆ ಬಂದಿದೆ ಅಂತ ನೋಡುತ್ತಿದ್ದೆ. ಪಟ್ಟಿಯಲ್ಲಿ ಮೊದಲು ಬರೆದ ಎರಡು ಮೂರು ಸಾಲುಗಳಿಗೆ ಸಾಮಾನ್ಯವಾಗಿ ತೂಕ ಜಾಸ್ತಿ. ಕೊನೆಯ ಸಾಲುಗಳು ಎಷ್ಟೋ ಸಲ ಹಳೆಯ ಜಾಹೀರಾತಿನಿಂದ ಸುಮ್ನೆ ಎತ್ತಿ ಹಾಕಿದ್ದಾಗಿರುತ್ತವೆ.

ಇದಾದ ಮೇಲೆ ಕಾಗದದ ತಲೆಯ ಮೇಲೆ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ: ಇವರಿಗೆ ಈಗ ಜನ ಯಾಕೆ ಬೇಕಾಗಿದೆ? ಯಾರೋ ಬಿಟ್ಟುಹೋಗಿರಬಹುದು, ಕೆಲಸ ಹೆಚ್ಚಿರಬಹುದು, ಹೊಸ ಸಿಸ್ಟಮ್ ಬಂದಿರಬಹುದು, ಏನೋ ಕೈತಪ್ಪುತ್ತಿರಬಹುದು. ಒಂದು ಜಾಹೀರಾತಿನಲ್ಲಿ ನಿಖರತೆ, ತಾಳೆ, ವ್ಯತ್ಯಾಸ, ಆಡಿಟ್ ಅನ್ನುವ ಮಾತುಗಳೇ ತುಂಬಿದ್ದವು. ಪುಸ್ತಕದಲ್ಲಿರುವ ಸ್ಟಾಕ್‌ಗೂ ನೆಲದ ಮೇಲಿರುವ ಸ್ಟಾಕ್‌ಗೂ ಅಲ್ಲಿ ಹೊಂದುತ್ತಿಲ್ಲ ಅಂತ ನನಗೆ ಅನ್ನಿಸಿತು. ಇನ್ನೊಂದರಲ್ಲಿ ವೆಂಡರ್, ವಿಳಂಬ, ಫಾಲೋ ಅಪ್. ಅವರಿಗೆ ಮಾಲು ಸಮಯಕ್ಕೆ ಬರುತ್ತಿಲ್ಲ. ಈ ಊಹೆ ಪೂರ್ತಿ ಸರಿ ಇರಬೇಕು ಅಂತೇನಿಲ್ಲ. ಆದರೆ ಊಹೆ ಮಾಡಿದ ಮೇಲೆ ಮೂಲ ಫೈಲಿನಿಂದ ಯಾವ ಸಾಲು ಎತ್ತಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಸ್ಟಾಕ್ ಎಣಿಕೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸುಮಾರು 1,200 ಬಗೆಯ ವಸ್ತುಗಳಿದ್ದವು. ವರ್ಷಕ್ಕೊಮ್ಮೆ ಎಲ್ಲ ನಿಲ್ಲಿಸಿ ಎಣಿಸುವ ಬದಲು ದಿನಕ್ಕೆ ಒಂದಿಷ್ಟು ಎಣಿಸುವ ಪದ್ಧತಿ ಇತ್ತು, ಅದನ್ನು ಸೈಕಲ್ ಕೌಂಟ್ ಅನ್ನುತ್ತಾರೆ. ಬೆಲೆ ಜಾಸ್ತಿ ಇರುವ ವಸ್ತುಗಳನ್ನು ಪದೇ ಪದೇ, ಅಗ್ಗದವನ್ನು ಅಪರೂಪಕ್ಕೆ ಎಣಿಸುತ್ತಿದ್ದೆವು. ಆ ಪಟ್ಟಿ ಮಾಡುತ್ತಿದ್ದವನು ನಾನು.

ಇನ್ವೆಂಟರಿ ಲೆಕ್ಕದ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಸಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ: "ಸುಮಾರು 1,200 ವಸ್ತುಗಳ ಸೈಕಲ್ ಕೌಂಟ್ ಪಟ್ಟಿ ತಯಾರಿ. ಸಿಸ್ಟಮ್‌ಗೂ ಎಣಿಕೆಗೂ ಬಂದ ವ್ಯತ್ಯಾಸವನ್ನು ಎಕ್ಸೆಲ್ ಪಿವೋಟ್ ಟೇಬಲ್‌ನಲ್ಲಿ ವಿಂಗಡಿಸಿ ಕಾರಣ ಸಮೇತ ವಾರದ ವರದಿ." ಪಿವೋಟ್ ಟೇಬಲ್ ಅಂದರೆ ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್ ಸೌಲಭ್ಯ. ಖರೀದಿ ವಿಭಾಗದ ಕೆಲಸಕ್ಕೆ ಅದೇ ಅನುಭವ ಕೆಳಗಿಳಿಯಿತು. ಅಲ್ಲಿ ಮೇಲೆ ಬಂದದ್ದು ಬೇರೆ ಸಾಲು: "ಸ್ಟಾಕ್ ಮಟ್ಟ ನೋಡಿ ರೀಆರ್ಡರ್ ಪ್ರಸ್ತಾಪ, ಪರ್ಚೇಸ್ ಆರ್ಡರ್ ಫಾಲೋ ಅಪ್, ತಡವಾದ ಮಾಲಿನ ಬಗ್ಗೆ ವೆಂಡರ್‌ಗಳ ಜೊತೆ ಮಾತುಕತೆ." ಡಿಸ್ಪ್ಯಾಚ್ ಸೂಪರ್‌ವೈಸರ್ ಕೆಲಸಕ್ಕಾದರೆ ಶಿಫ್ಟ್‌ನಲ್ಲಿ ಎಷ್ಟು ಜನರನ್ನು ನೋಡಿಕೊಂಡೆ, ಹಳೆಯ ಮಾಲು ಮೊದಲು ಹೊರಹೋಗುವಂತೆ ಹೇಗೆ ಜೋಡಿಸಿದೆ, ತಪ್ಪು ವಿಳಾಸಕ್ಕೆ ಹೋಗದಂತೆ ಯಾವ ತಪಾಸಣೆ ಇಟ್ಟೆ, ಇವು. ಮೂರರಲ್ಲೂ ಸುಳ್ಳಿಲ್ಲ. ಒಂದೇ ವ್ಯಕ್ತಿ, ಒಂದೇ ಗೋಡೌನ್. ಬದಲಾದದ್ದು ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅನ್ನುವುದು.

ಕಷ್ಟವಾದದ್ದು ಆ ಮೂರನೆಯದು, ಬಿಡುವುದು. ಬೆವರು ಸುರಿಸಿ ಮಾಡಿದ ಕೆಲಸವನ್ನು ಅಳಿಸಲು ಮನಸ್ಸು ಬರುವುದಿಲ್ಲ, ಅಲ್ವಾ? ಮೂಲ ಫೈಲಿನಲ್ಲಿ ಅದು ಭದ್ರವಾಗಿದೆ ಅನ್ನುವ ಧೈರ್ಯ ಇದ್ದದ್ದರಿಂದ ನಾನು ಅಳಿಸಿದೆ.

ಈ ರೀತಿ ಹೊಸದೇನೂ ಅಲ್ಲ. 1482ರ ಸುಮಾರಿನಲ್ಲಿ ಲಿಯೊನಾರ್ಡೊ ಡ ವಿಂಚಿ ಇಟಲಿಯ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಸುಲಭವಾಗಿ ಹೊತ್ತೊಯ್ಯಬಹುದಾದ ಸೇತುವೆ, ಕೋಟೆ ಮುತ್ತುವ ಉಪಾಯ, ಫಿರಂಗಿ ಅಂತ ಅಂಶ ಅಂಶವಾಗಿ ಯುದ್ಧದ ಮಾತೇ ಮೊದಲು. ಚಿತ್ರ ಬರೆಯಬಲ್ಲೆ ಅನ್ನುವ ಮಾತು ಬರುವುದು ಕೊನೆಯಲ್ಲಿ. ಇಂದು ನಾವು ಅವನನ್ನು ಮೊದಲು ನೆನೆಯುವುದು ಚಿತ್ರಗಳಿಗಾಗಿ. ಓದುವವನಿಗೆ ಆಗ ಬೇಕಾಗಿದ್ದದ್ದು ಏನು ಅಂತ ಅವನಿಗೆ ಗೊತ್ತಿತ್ತು. ಈ ಪತ್ರದ ವಿಷಯ ಗೊತ್ತಾದ ಮೇಲೆ ಸಾಲುಗಳನ್ನು ಮೇಲೆ ಕೆಳಗೆ ಮಾಡುವುದರಲ್ಲಿ ನನಗಿದ್ದ ಹಿಂಜರಿಕೆ ಹೋಯಿತು.

ಇನ್ನು ಪದಗಳ ವಿಷಯ. ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿದಾಗ ರೆಸ್ಯೂಮ್ ಮೊದಲು ಹೋಗುವುದು ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಅನ್ನುವ, ಬಂದ ಅರ್ಜಿಗಳನ್ನು ಜೋಡಿಸಿಡುವ ಸಾಫ್ಟ್‌ವೇರ್‌ಗೆ. ವರ್ಕ್‌ಡೇ, ಗ್ರೀನ್‌ಹೌಸ್ ಅಂಥವು ಈ ಕೆಲಸ ಮಾಡುತ್ತವೆ. ಯಂತ್ರವೇ ನಮ್ಮನ್ನು ಕಸದ ಬುಟ್ಟಿಗೆ ಹಾಕುತ್ತದೆ ಅನ್ನುವ ಹೆದರಿಕೆ ಬಹಳ ಜನರಿಗಿದೆ. ಸಾಮಾನ್ಯವಾಗಿ ಆಗುವುದು ಇಷ್ಟು. ಸಾಫ್ಟ್‌ವೇರ್ ರೆಸ್ಯೂಮಿನ ಅಕ್ಷರಗಳನ್ನು ಓದಿ ಹೆಸರು, ಕೆಲಸ, ವರ್ಷ, ಕೌಶಲ ಅಂತ ಬೇರೆ ಬೇರೆ ಜಾಗಕ್ಕೆ ಹಾಕಿಡುತ್ತದೆ. ನೇಮಕ ಮಾಡುವವರು ಬೇಕಾದ ಪದ ಟೈಪ್ ಮಾಡಿ ಹುಡುಕುತ್ತಾರೆ. ಅರ್ಜಿಯ ಜೊತೆ ಕೇಳುವ ಹೌದು ಇಲ್ಲ ಪ್ರಶ್ನೆಗಳಿವೆಯಲ್ಲ, ಈ ಲೈಸೆನ್ಸ್ ಇದೆಯಾ, ಇಷ್ಟು ವರ್ಷ ಅನುಭವ ಇದೆಯಾ ಅಂತ, ನೇರವಾಗಿ ಹೊರಗೆ ಹೋಗುವುದು ಬಹುಪಾಲು ಅವುಗಳಿಂದ. ಅವುಗಳನ್ನು ಅವಸರದಲ್ಲಿ ತುಂಬಬೇಡಿ.

ಹುಡುಕುವವರು ಜಾಹೀರಾತಿನ ಪದವನ್ನೇ ಹುಡುಕುತ್ತಾರೆ. ನಮ್ಮ ಗೋಡೌನ್‌ನಲ್ಲಿ ಸ್ಟಾಕ್ ಚೆಕಿಂಗ್ ಅಂತ ಕರೆಯುತ್ತಿದ್ದದ್ದನ್ನು ಜಾಹೀರಾತು ಇನ್ವೆಂಟರಿ ರೀಕನ್ಸಿಲಿಯೇಷನ್ ಅಂದಿದ್ದರೆ, ಮಾಡಿದ ಕೆಲಸ ನಿಜಕ್ಕೂ ಅದೇ ಆಗಿದ್ದರೆ, ನಾನು ಅವರ ಪದವನ್ನೇ ಬರೆದೆ. ಕಂಪನಿಯ ಸ್ಟಾಕ್, ಖರೀದಿ, ಲೆಕ್ಕವನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್‌ಗೆ ಇಆರ್‌ಪಿ ಅನ್ನುತ್ತಾರೆ. ಇಆರ್‌ಪಿ ಅಂತ ಮಾತ್ರ ಬರೆಯದೆ ಯಾವ ಇಆರ್‌ಪಿ ಅಂತಲೂ ಹೆಸರು ಹಾಕಿದೆ. ಚಿಕ್ಕ ರೂಪ ಇರುವ ಪದವಾದರೆ ಒಂದು ಕಡೆ ಪೂರ್ತಿ ರೂಪವನ್ನೂ ಬರೆದೆ, ಯಾರು ಯಾವುದನ್ನು ಹುಡುಕುತ್ತಾರೋ ಗೊತ್ತಿಲ್ಲವಲ್ಲ. ಆದರೆ ಹಿಂದಿನ ಕಂಪನಿ ಕೊಟ್ಟ ಹುದ್ದೆಯ ಹೆಸರನ್ನು ಮುಟ್ಟಲಿಲ್ಲ. ಅದನ್ನು ಅವರು ಒಂದು ಫೋನ್ ಮಾಡಿ ಕೇಳಬಹುದು. ಬಿಳಿ ಬಣ್ಣದ ಅಕ್ಷರದಲ್ಲಿ ಜಾಹೀರಾತಿನ ಪದಗಳನ್ನೆಲ್ಲ ಅಡಗಿಸಿಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಸಾಫ್ಟ್‌ವೇರ್ ಅಕ್ಷರಗಳನ್ನು ಬೇರೆ ತೆಗೆದು ತೋರಿಸಿದಾಗ ಬಣ್ಣ ಉಳಿಯುವುದಿಲ್ಲ, ಅಡಗಿಸಿದ್ದೆಲ್ಲ ಎದುರಿಗೆ ಬರುತ್ತದೆ. ಒಳ್ಳೆಯ ಅನುಭವ ಇರುವವರ ಮೇಲೂ ಅನುಮಾನ ಹುಟ್ಟುತ್ತದೆ.

ರೂಪ ಸರಳವಾಗಿರಲಿ. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್, ಕೌಶಲಕ್ಕೆ ನಕ್ಷತ್ರ, ಇವು ಕಣ್ಣಿಗೆ ಚಂದ. ಓದುವ ಸಾಫ್ಟ್‌ವೇರ್‌ಗೆ ಎಡಗಡೆಯ ಸಾಲೂ ಬಲಗಡೆಯ ಸಾಲೂ ಸೇರಿ ಅರ್ಥವಿಲ್ಲದ ವಾಕ್ಯ ಆಗಬಹುದು. ಪುಟದ ಹೆಡರ್‌ನಲ್ಲಿ ಹಾಕಿದ ಫೋನ್ ನಂಬರನ್ನು ಕೆಲವು ಸಾಫ್ಟ್‌ವೇರ್‌ಗಳು ಓದುವುದೇ ಇಲ್ಲ. ನಾನು ಮಾಡುತ್ತಿದ್ದ ಪರೀಕ್ಷೆ ಸುಲಭದ್ದು. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡುವುದು. ಅಲ್ಲಿ ಸಾಲುಗಳು ಸರಿಯಾದ ಕ್ರಮದಲ್ಲಿ ಬಂದರೆ ಆಯಿತು. ಇಂಗ್ಲಿಷ್‌ನಲ್ಲಿ ಎಫ್ ಮತ್ತು ಐ ಅಕ್ಷರಗಳು ಒಟ್ಟಿಗೆ ಬರುವ ಪದಗಳನ್ನು ಗಮನಿಸಿ. ಕೆಲವು ಫಾಂಟ್‌ಗಳಲ್ಲಿ ಅವೆರಡೂ ಅಂಟಿಕೊಂಡು ಒಂದೇ ಗುರುತಾಗುತ್ತವೆ, ಪೇಸ್ಟ್ ಮಾಡಿದಾಗ ಮಾಯವಾಗುತ್ತವೆ. ಆಫೀಸ್, ಸರ್ಟಿಫಿಕೇಟ್ ಅನ್ನುವಂಥ ಪದಗಳೇ ಮುರಿದುಹೋದರೆ ಹುಡುಕಿದವರಿಗೆ ನೀವು ಸಿಗುವುದಿಲ್ಲ. ಹಾಗೆ ಆದರೆ ಫಾಂಟ್ ಬದಲಿಸಿ.

ಮೇಲಿನ ಮೂರು ಸಾಲಿನ ಪರಿಚಯಕ್ಕೆ ನಾನು ಜಾಸ್ತಿ ಸಮಯ ಕೊಟ್ಟೆ. ಪರಿಶ್ರಮಿ, ಪ್ರಾಮಾಣಿಕ, ತಂಡದಲ್ಲಿ ಬೆರೆಯುವವನು ಅನ್ನುವ ಮಾತು ಯಾರು ಬೇಕಾದರೂ ಬರೆಯಬಹುದು. ಅದರ ಬದಲು ಜಾಹೀರಾತಿನ ಮೊದಲ ಎರಡು ಬೇಡಿಕೆಗೆ ನೇರ ಉತ್ತರ ಅಲ್ಲೇ ಇರಲಿ. ಮೊದಲ ಸಲ ಕಣ್ಣಾಡಿಸುವವರು ಕೆಲವೇ ಸೆಕೆಂಡು ಕೊಡುತ್ತಾರೆ. ಅವರನ್ನು ಇದಕ್ಕೆ ಬೈಯುವಂತಿಲ್ಲ, ಮುಂದೆ ರಾಶಿ ಬಿದ್ದಿರುತ್ತದೆ.

ಅಂಕಿ ಹಾಕಿ ಅಂತ ಹೇಳುತ್ತಾರೆ, ನಾನೂ ಹೇಳುತ್ತೇನೆ. ಎಷ್ಟು ವಸ್ತು, ಎಷ್ಟು ಜನ, ದಿನಕ್ಕೆ ಎಷ್ಟು ಆರ್ಡರ್. ಆದರೆ ಹೇಗೆ ಲೆಕ್ಕ ಹಾಕಿದಿರಿ ಅಂತ ಕೇಳಿದರೆ ಹೇಳಲು ಬರುವ ಅಂಕಿ ಮಾತ್ರ. ಗೊತ್ತಿಲ್ಲದ ಕಡೆ ಸುಮಾರು ಅಂತ ಬರೆದೆ, ಅದೂ ಗೊತ್ತಿಲ್ಲದಿದ್ದರೆ ಕೆಲಸವನ್ನಷ್ಟೇ ಬರೆದೆ. ನಷ್ಟ ಶೇಕಡಾ ಇಷ್ಟು ಇಳಿಸಿದೆ ಅಂತ ಹುಟ್ಟಿಸಿ ಬರೆದ ಸಾಲು ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನೂ ತಾಳುವುದಿಲ್ಲ.

ಕೆಲಸ ಇಲ್ಲದ ತಿಂಗಳುಗಳನ್ನು ಮುಚ್ಚಿಡಲಿಲ್ಲ. ಗೋಡೌನ್ ಮುಚ್ಚಿದ್ದರಿಂದ ಕೆಲಸ ಮುಗಿಯಿತು ಅಂತ ಒಂದು ಸಾಲು, ಆ ಸಮಯದಲ್ಲಿ ಎಕ್ಸೆಲ್ ಇನ್ನಷ್ಟು ಕಲಿತದ್ದಕ್ಕೆ ಒಂದು ಸಾಲು. ವರ್ಷಗಳನ್ನೇ ತೆಗೆದು ಬರೀ ಕೌಶಲದ ಪಟ್ಟಿ ಕೊಡುವ ಮಾದರಿ ಇದೆ. ಓದುವವರು ಅದನ್ನು ಕಂಡರೆ ಏನೋ ಅಡಗಿದೆ ಅಂತಲೇ ನೋಡುತ್ತಾರೆ.

ಇಷ್ಟೆಲ್ಲ ಮಾಡಲು ಸಮಯ ಬೇಕು, ಹಾಗಾಗಿ ಎಲ್ಲದಕ್ಕೂ ಅರ್ಜಿ ಹಾಕಲು ಆಗುವುದಿಲ್ಲ. ಸುತ್ತು ಹಾಕಿದ ಬೇಡಿಕೆಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ನನ್ನ ಬಳಿ ನಿಜವಾದ ಉದಾಹರಣೆ ಇದ್ದರೆ ಮಾತ್ರ ಕೂರುತ್ತಿದ್ದೆ. ಕಾನೂನಿನ ಪ್ರಕಾರ ಬೇಕಾದ ಲೈಸೆನ್ಸೋ ಪದವಿಯೋ ಇಲ್ಲದಿದ್ದರೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಅಂಥದನ್ನು ಬಿಟ್ಟೆ. ಎಲ್ಲ ಬೇಡಿಕೆಯೂ ಹೊಂದಬೇಕು ಅಂತ ಕಾದು ಕೂರುವುದೂ ಬೇಡ. ಅರ್ಜಿಗಳು ಕಡಿಮೆಯಾದಾಗ ಮನೆಯವರಿಗೆ ಆತಂಕವಾಯಿತು. "ಇವತ್ತು ಒಂದೇನಾ ಹಾಕಿದ್ದು?" ಅಂತ ಕೇಳುತ್ತಿದ್ದರು. ಆದರೆ ವಾಪಸ್ ಫೋನ್ ಬರತೊಡಗಿದ್ದು ಆಮೇಲೆಯೇ. ಪರಿಚಯದವರ ಮೂಲಕ ಕಳಿಸುವಾಗಲೂ ಆ ಕೆಲಸಕ್ಕೇ ಬರೆದ ರೆಸ್ಯೂಮ್ ಕೊಟ್ಟೆ. ಅದನ್ನು ಮುಂದಕ್ಕೆ ಕಳಿಸುವವರಿಗೆ ಎರಡು ಮಾತು ಬರೆಯಲು ಸುಲಭ.

ಎಐ ಸಹಾಯವನ್ನೂ ತೆಗೆದುಕೊಂಡೆ. ಜಾಹೀರಾತನ್ನೂ ನನ್ನ ಸಾಲುಗಳನ್ನೂ ಕೊಟ್ಟು ಏನು ಬಿಟ್ಟುಹೋಗಿದೆ ಅಂತ ಕೇಳುವುದಕ್ಕೆ ಅದು ಚೆನ್ನಾಗಿದೆ. ಪೂರ್ತಿ ಬರೆದುಕೊಡು ಅಂದರೆ ನಾನು ಮಾಡದ ಕೆಲಸವನ್ನೂ ಸೇರಿಸಿ ಹೊಳಪು ಕೊಡುತ್ತದೆ. ಪ್ರತಿ ಸಾಲನ್ನೂ ಬಾಯಲ್ಲಿ ಹೇಳಿ ನೋಡುತ್ತಿದ್ದೆ. ನನ್ನ ಬಾಯಲ್ಲಿ ಬಾರದ ಮಾತನ್ನು ತೆಗೆದುಹಾಕಿದೆ.

ಕಳಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಜಾಹೀರಾತಿನ ಪ್ರತಿ ಉಳಿಸಿಕೊಳ್ಳಿ, ಕೊನೆಯ ದಿನ ಕಳೆದ ಮೇಲೆ ಅದು ಸಿಗದೆ ಹೋಗಬಹುದು. ನಾನು ಕಂಪನಿಗೊಂದು ಫೋಲ್ಡರ್ ಮಾಡಿ ಜಾಹೀರಾತು, ಕಳಿಸಿದ ರೆಸ್ಯೂಮ್, ನನ್ನ ಊಹೆ ಬರೆದ ಕಾಗದದ ಫೋಟೊ, ಮೂರನ್ನೂ ಇಟ್ಟೆ. ಇನ್ವೆಂಟರಿ ಕೆಲಸದವರು ಫೋನ್ ಮಾಡಿದಾಗ ಯಾವ ರೆಸ್ಯೂಮ್ ಕಳಿಸಿದ್ದೆ ಅಂತ ತಡಕಾಡಬೇಕಾಗಲಿಲ್ಲ. ಸಂದರ್ಶನದಲ್ಲಿ ಮೊದಲು ಕೇಳಿದ್ದು ಸೈಕಲ್ ಕೌಂಟ್ ಸಾಲಿನ ಬಗ್ಗೆ. ವ್ಯತ್ಯಾಸ ಯಾಕೆ ಬರುತ್ತಿತ್ತು ಅಂದರು. ಮಾಲು ಒಳಗೆ ಬಂದ ಮೇಲೆ ಎಂಟ್ರಿ ತಡವಾಗುವುದು, ವಾಪಸ್ ಬಂದ ಮಾಲನ್ನು ಬೇರೆ ರ‍್ಯಾಕ್‌ನಲ್ಲಿ ಇಡುವುದು, ಡಜನ್ ಮತ್ತು ಬಿಡಿ ಎಣಿಕೆ ಬೆರಕೆಯಾಗುವುದು ಅಂತ ಒಂದೊಂದಾಗಿ ಹೇಳಿದೆ. ಅವರು ಪಕ್ಕದಲ್ಲಿದ್ದವರ ಕಡೆ ತಿರುಗಿ, "ನಮ್ಮಲ್ಲೂ ವಾಪಸ್ ಬಂದ ಮಾಲಿನದ್ದೇ ತೊಂದರೆ" ಅಂದರು. ಅಲ್ಲಿಂದ ಮುಂದೆ ಅವರ ಗೋಡೌನ್ ಬಗ್ಗೆಯೇ ಮಾತಾಡಿದೆವು. ಈಗ ನಾನು ಕೆಲಸ ಮಾಡುತ್ತಿರುವುದು ಅಲ್ಲೇ.