ಫ್ರಿಜ್ಜಿನೊಳಗೆ ಒಂದು ಕಾಯಿನ್ ಸೆಲ್

ನಮ್ಮನೆ ಫ್ರಿಜ್ ಬಾಗಿಲಿಗೆ ಒಂದು ಕೆಟ್ಟ ಚಾಳಿ. ತಳ್ಳಿದರೆ ಮುಚ್ಚಿಕೊಂಡ ಹಾಗೇ ಇರುತ್ತದೆ, ಆದರೆ ಮುಚ್ಚಿರುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದೋಸೆ ಹಿಟ್ಟು ಉಕ್ಕಿ ಕೆಳಗಿನ ತರಕಾರಿ ಡಬ್ಬಿಯವರೆಗೂ ಇಳಿದಿತ್ತು. "ದಿನಾ ರಾತ್ರಿ ಏನೇನೋ ಬೆಸುಗೆ ಹಾಕ್ತಾ ಕೂತಿರ್ತೀಯಲ್ಲ, ಇದಕ್ಕೊಂದು ಏನಾದ್ರೂ ಮಾಡೋ" ಅಂದರು ಅಮ್ಮ.

ಯೋಚನೆ ಸರಳ. ಒಳಗೆ ಬೆಳಕಿದ್ದರೆ ಬಾಗಿಲು ತೆರೆದಿದೆ ಎಂದರ್ಥ. ಬೆಳಕನ್ನು ಗುರುತಿಸಲು ಒಂದು ಎಲ್‌ಡಿಆರ್, ಕೂಗಲು ಒಂದು ಬಜರ್, ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಎಟಿಟೈನಿ85 ಚಿಪ್. ಒಂದು ನಿಮಿಷ ಬೆಳಕು ಆರದಿದ್ದರೆ ಕೂಗಬೇಕು, ಅಷ್ಟೇ. ವೈರ್ ಎಳೆಯುವಂತಿಲ್ಲ, ಹಾಗಾಗಿ ನಾಣ್ಯದಂಥ ಸಿಆರ್2032 ಕಾಯಿನ್ ಸೆಲ್. 20 ಮಿಲಿಮೀಟರ್ ಅಗಲ, 3.2 ದಪ್ಪ, ಅದರ ಹೆಸರೇ ಅದರ ಅಳತೆ. 3 ವೋಲ್ಟ್, ಸುಮಾರು 220 ಮಿಲಿಆಂಪ್ ಅವರ್, ಅಂದರೆ 1 ಮಿಲಿಆಂಪ್ ಎಳೆದರೆ 220 ಗಂಟೆ. ಪೆನ್ ಸೆಲ್ ಹಾಕಬಹುದಿತ್ತು. ಆದರೆ ಅದರ 1.5 ವೋಲ್ಟ್ ಈ ಚಿಪ್‌ಗೆ ಸಾಲದು, ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಬೇಕು. ಕೆಲಸವಿಲ್ಲದಾಗ ಚಿಪ್ ಮಲಗಿದ್ದರೂ ಕನ್ವರ್ಟರ್ ತನ್ನ ಪಾಲು ಕುಡಿಯುತ್ತಲೇ ಇರುತ್ತದೆ. ಬೇಡ ಅನ್ನಿಸಿತು.

ಮೇಜಿನ ಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಫ್ರಿಜ್ಜಿನೊಳಗೆ ಇಟ್ಟೆ, ಬಾಗಿಲು ತೆರೆದು ಕಾದೆ. "ಟಿಕ್" ಅಂತ ಒಂದು ಸದ್ದು, ಆಮೇಲೆ ಮೌನ. ಮತ್ತೆ ಒಂದು ನಿಮಿಷಕ್ಕೆ ಮತ್ತೊಂದು "ಟಿಕ್". ಹೊರಗೆ ತಂದರೆ ಸರಿಯಾಗಿ ಕೂಗುತ್ತದೆ!

ಕಾರಣ ಬಜರ್. ನಾನು ಹಾಕಿದ್ದು 30 ಮಿಲಿಆಂಪ್ ಎಳೆಯುವ ಆಕ್ಟಿವ್ ಬಜರ್. ಗಿಂಡಿ ತುಂಬ ನೀರಿದ್ದರೂ ಮೂತಿಯಿಂದ ಬರುವುದು ಸಣ್ಣ ಧಾರೆಯೇ, ಅಲ್ವಾ? ಕಾಯಿನ್ ಸೆಲ್ಲೂ ಹಾಗೇ. ಅದರ ಒಳಗಿನ ರೆಸಿಸ್ಟೆನ್ಸ್ ಹೊಸದರಲ್ಲೇ 10–20 ಓಮ್ ಇರುತ್ತದೆ, ಥಂಡಿಯಲ್ಲಿ ಇನ್ನೂ ಜಾಸ್ತಿ. ಬಜರ್ ಬಾಯಿ ತೆರೆದ ಕ್ಷಣ ವೋಲ್ಟೇಜ್ 2.7ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಚಿಪ್‌ನ ಬ್ರೌನ್‌ಔಟ್ ಮಿತಿಯನ್ನು (ವೋಲ್ಟೇಜ್ ಇದಕ್ಕಿಂತ ಇಳಿದರೆ ಚಿಪ್ ತಾನೇ ರೀಸೆಟ್ ಆಗುತ್ತದೆ) ಅಲ್ಲಿಗೇ ಇಟ್ಟಿದ್ದೆ, ರೀಸೆಟ್ ಆಗಿ ಎಣಿಕೆ ಮೊದಲಿನಿಂದ ಶುರು. ಬಜರ್ ಕಿತ್ತು, ವೋಲ್ಟೇಜ್ ಬದಲಾದಂತೆ ಅದುರಿ ಸದ್ದು ಮಾಡುವ ಪೀಜೋ ಬಿಲ್ಲೆ ಹಾಕಿದೆ. ಚಿಪ್‌ನ ಎರಡು ಪಿನ್‌ಗಳ ನಡುವೆ ಕೂರಿಸಿ, ಒಂದರ ವೋಲ್ಟೇಜ್ ಮೇಲಿದ್ದಾಗ ಇನ್ನೊಂದರದು ಕೆಳಗಿರುವಂತೆ 4 ಕಿಲೋಹರ್ಟ್ಸ್‌ನಲ್ಲಿ ಕುಣಿಸಿದರೆ ಒಂದೆರಡು ಮಿಲಿಆಂಪ್‌ನಲ್ಲೇ ಕಿವಿಗೆ ಚುಚ್ಚುವಷ್ಟು ಕೂಗುತ್ತದೆ. ಕ್ಷಣದ ಎಳೆತ ತಡೆದುಕೊಳ್ಳಲೆಂದು ಸೆಲ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸೇರಿಸಿದೆ.

ಕೆಲಸ ಮುಗಿಯಿತು ಅಂದುಕೊಂಡೆ. ಒಂದು ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಸೆಲ್ ಸತ್ತಿತ್ತು.

ನಿದ್ದೆಯಲ್ಲಿ ಎಷ್ಟು ಎಳೆಯುತ್ತಿದೆ ಅಂತ ನೋಡಲು ಮಲ್ಟಿಮೀಟರನ್ನು 200 ಮೈಕ್ರೋಆಂಪ್ ರೇಂಜ್‌ಗೆ ತಿರುಗಿಸಿ ಸರಣಿಯಲ್ಲಿ ಹಾಕಿದೆ. ಚಿಪ್ ಏಳಲೇ ಇಲ್ಲ. ಮೀಟರ್ ತೆಗೆದರೆ ಬದುಕುತ್ತದೆ, ಹಾಕಿದರೆ ಸಾಯುತ್ತದೆ. ಒಂದು ಸಂಜೆ ಪೂರ್ತಿ ಬೆಸುಗೆಗಳನ್ನೇ ಬೈದುಕೊಂಡು ಕೂತಿದ್ದೆ. ಆಮೇಲೆ ಹೊಳೆಯಿತು: ಆ ರೇಂಜ್‌ನಲ್ಲಿ ನನ್ನ ಮೀಟರೇ 1 ಕಿಲೋಓಮ್. ಚಿಪ್ ಎದ್ದು 1 ಮಿಲಿಆಂಪ್ ಕೇಳಿದರೆ ಮೀಟರ್ ಒಂದರಲ್ಲೇ 1 ವೋಲ್ಟ್ ಹೋಯಿತು. ಮೀಟರ್‌ನ ಎರಡು ತುದಿಗಳನ್ನು ಒಂದು ತಂತಿಯಿಂದ ಶಾರ್ಟ್ ಮಾಡಿಟ್ಟು, ಚಿಪ್ ಮಲಗಿದ ಮೇಲೆ ತಂತಿ ತೆಗೆದೆ. ಪರದೆಯಲ್ಲಿ ರೇಂಜ್ ಮೀರಿದೆ ಅನ್ನುವ "1" ಬಂತು; ರೇಂಜ್ ಏರಿಸಿದ ಮೇಲೆ 240 ಮೈಕ್ರೋಆಂಪ್ ತೋರಿಸಿತು. 220 ಮಿಲಿಆಂಪ್ ಅವರ್ ಅನ್ನು ಅದರಿಂದ ಭಾಗಿಸಿ ನೋಡಿ, 38 ದಿನ.

ತಪ್ಪು ನನ್ನದೇ. ಚಿಪ್ ಮಲಗುವ ಮೊದಲು, ಅದರೊಳಗೆ ವೋಲ್ಟೇಜ್ ಅಳೆಯುವ ಎಡಿಸಿ ಭಾಗವನ್ನು ಆಫ್ ಮಾಡಿರಲಿಲ್ಲ. ಅದನ್ನು ಆಫ್ ಮಾಡಿದೆ, ಬ್ರೌನ್‌ಔಟನ್ನೂ ತೆಗೆದೆ. ಎಲ್‌ಡಿಆರ್‌ಗೆ ಕರೆಂಟನ್ನು ಸೆಲ್‌ನಿಂದ ನೇರವಾಗಿ ಕೊಡುವ ಬದಲು ಚಿಪ್‌ನ ಒಂದು ಪಿನ್‌ನಿಂದ, ಅಳೆಯುವಾಗ ಮಾತ್ರ ಕೊಟ್ಟೆ. ಈಗ ಚಿಪ್‌ನೊಳಗಿನ ವಾಚ್‌ಡಾಗ್ ಟೈಮರ್ 8 ಸೆಕೆಂಡಿಗೊಮ್ಮೆ ಎಬ್ಬಿಸುತ್ತದೆ, ಚಿಪ್ ಕೆಲವು ಮಿಲಿಸೆಕೆಂಡ್ ನೋಡಿ ಮತ್ತೆ ಮಲಗುತ್ತದೆ. ಮೀಟರ್ 5 ಮೈಕ್ರೋಆಂಪ್ ಆಸುಪಾಸು ತೋರಿಸಿತು. ಲೆಕ್ಕಕ್ಕೆ ಐದು ವರ್ಷ. ನಾನು ಮೂರು ಬಂದರೂ ಸಾಕು ಅಂದುಕೊಂಡಿದ್ದೇನೆ.

ಚಿಪ್ ತರುವಾಗ ಹೆಸರಿನಲ್ಲಿ 85ರ ಪಕ್ಕ ನೋಡಿ. 'ವಿ' ಇದ್ದರೆ 1.8 ವೋಲ್ಟ್‌ವರೆಗೂ ನಡೆಯುತ್ತದೆ, ಇಲ್ಲದಿದ್ದರೆ 2.7. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದಾಗ "ಎಲ್ಲಾ ಒಂದೇ ಸಾರ್, ತಗೊಂಡ್ಹೋಗಿ" ಅಂದರು. ಒಂದೇ ಅಲ್ಲ. ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ಸೆಲ್ ಎಷ್ಟು ಉಳಿದಿದೆ ಅಂತ ತಿಳಿಯಲು ಬೇರೆ ಭಾಗ ಬೇಡ. ಚಿಪ್‌ನೊಳಗಿನ 1.1 ವೋಲ್ಟ್ ರೆಫರೆನ್ಸ್ (ಸೆಲ್ ಇಳಿದರೂ ಬದಲಾಗದ ಅಳತೆಗೋಲು) ಇಟ್ಟುಕೊಂಡು ಲೆಕ್ಕ ಹಾಕಬಹುದು. ಅದು ಚಿಪ್‌ನಿಂದ ಚಿಪ್‌ಗೆ ಸ್ವಲ್ಪ ಬದಲಾಗುತ್ತದೆ, ಒಮ್ಮೆ ಮೀಟರ್ ಜೊತೆ ತಾಳೆ ನೋಡಿಕೊಳ್ಳಿ. ಪೀಜೋ ಕೂಗುತ್ತಿರುವಾಗಲೇ ಅಳೆಯಿರಿ. ಸುಮ್ನೆ ಕೂತಿರುವಾಗ ಮುಗಿಯುತ್ತಾ ಬಂದ ಸೆಲ್ಲೂ 3 ವೋಲ್ಟ್ ಹತ್ತಿರ ತೋರಿಸಿ ಮೋಸ ಮಾಡುತ್ತದೆ. ನನ್ನದು 2.4ಕ್ಕೆ ಇಳಿದರೆ ಎರಡು ಸಲ ಚಿರ್ ಅನ್ನುತ್ತದೆ.

ಇನ್ನೊಂದು ವಿಷಯ: ಡಬ್ಬಿಯನ್ನು ಸ್ಕ್ರೂ ಹಾಕಿಯೇ ಮುಚ್ಚಿದ್ದೇನೆ. ಮನೆಯಲ್ಲಿ ಚಿಕ್ಕ ಮಗುವಿದೆ. ನುಂಗಿದ ಕಾಯಿನ್ ಸೆಲ್ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು.

ಈ ಸೆಲ್ ಹಾಕಿ ಹದಿನಾಲ್ಕು ತಿಂಗಳಾಯಿತು. ಕಳೆದ ವಾರ ಅಳೆದಾಗ, ಕೂಗುವಾಗಲೂ 2.86 ವೋಲ್ಟ್ ಇತ್ತು. ಅಮ್ಮನ ದೂರು ಈಗ ಬೇರೆ: ಫ್ರಿಜ್ ಒರೆಸಲು ಬಾಗಿಲು ತೆರೆದಿಟ್ಟರೂ ಅರಚುತ್ತದಂತೆ, ಅದಕ್ಕೊಂದು ಸ್ವಿಚ್ ಬೇಕಂತೆ.