ಎರಡನೇ ಸರ್ವರ್ ಬಂದ ಮೇಲೆ ಲಾಗಿನ್ ಹಾರಿಹೋಗದಂತೆ ನೋಡಿಕೊಳ್ಳುವುದು ಹೇಗೆ

ದಸರಾ, ದೀಪಾವಳಿ ಹತ್ತಿರ ಬಂದಾಗ ಬಳ್ಳಾರಿಯ ಜೀನ್ಸ್ ಸಗಟು ಅಂಗಡಿಗಳ ಆನ್‌ಲೈನ್ ಆರ್ಡರ್ ಏರುತ್ತದೆ. ಜಾವಾ ಆ್ಯಪ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಒಂದು ಸಾಲದೆಂದು ಇನ್ನೊಂದನ್ನು ಸೇರಿಸಿ, ಬರುವ ಕೋರಿಕೆಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಮುಂದೆ ಕೂರಿಸುತ್ತಾರೆ. ಅಲ್ಲಿಂದ ಫೋನ್ ಶುರು: “28ರಿಂದ 36ರ ತನಕ ಸೈಜೆಲ್ಲ ಹಾಕಿದ್ದೆ ಸಾರ್, ಮತ್ತೆ ಲಾಗಿನ್ ಕೇಳ್ತೈತೆ, ಕಾರ್ಟ್ ಖಾಲಿ ಆಗೈತೆ.”

ಟಾಮ್‌ಕ್ಯಾಟ್ ಸೆಷನ್ ಅನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆ, ಕಾರ್ಟ್‌ನಲ್ಲಿ ಏನಿದೆ ಎಂಬ ನೆನಪನ್ನು, ತನ್ನದೇ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬ್ರೌಸರ್ ಬಳಿ ಇರುವುದು ಆ ಸೆಷನ್‌ನ ಗುರುತು ಸಂಖ್ಯೆ ಹೊತ್ತ ಜೆಸೆಷನ್‌ಐಡಿ ಎಂಬ ಕುಕ್ಕಿ (ಬ್ರೌಸರ್ ಪ್ರತಿ ಸಲ ಕಳಿಸುವ ಚಿಕ್ಕ ಚೀಟಿ) ಮಾತ್ರ. ಆ ಐಡಿ ಎರಡನೇ ಸರ್ವರ್‌ಗೆ ಗುರುತಿಲ್ಲ, ಹಾಗಾಗಿ ಅದು ಹೊಸ ಸೆಷನ್ ತೆರೆಯುತ್ತದೆ. ಖಾತ್ರಿ ಮಾಡಿಕೊಳ್ಳಲು ಎರಡೂ ಯಂತ್ರಗಳ ಟಾಮ್‌ಕ್ಯಾಟ್ ಸೆಟ್ಟಿಂಗ್ ಫೈಲ್ ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಎಂಜಿನ್ ಟ್ಯಾಗ್‌ಗೆ ಜೆವಿಎಂರೂಟ್ (ಸರ್ವರ್‌ನ ಗುರುತಿನ ಹೆಸರು) ಕೊಡಿ, ಒಂದಕ್ಕೆ ಆ್ಯಪ್1, ಇನ್ನೊಂದಕ್ಕೆ ಆ್ಯಪ್2. ಐಡಿಯ ಬಾಲಕ್ಕೆ ಆ ಹೆಸರು ಅಂಟಿಕೊಳ್ಳುತ್ತದೆ. ಪುಟ ಬದಲಿಸುತ್ತಾ ಕುಕ್ಕಿ ನೋಡಿ. ಬಾಲ ಬದಲಾಗುತ್ತಿದ್ದರೆ ರೋಗ ಇದೇ.

ತಕ್ಷಣದ ಉಪಾಯ, ಒಬ್ಬ ಗ್ರಾಹಕನನ್ನು ಒಂದೇ ಸರ್ವರ್‌ಗೆ ಅಂಟಿಸುವುದು. ಲೋಡ್ ಬ್ಯಾಲೆನ್ಸರ್ ಆಗಿ ಬಳಸುವ ಎನ್‌ಜಿನ್‌ಎಕ್ಸ್‌ನ ಐಪಿ ಹ್ಯಾಶ್ (ಗ್ರಾಹಕನ ಐಪಿ ವಿಳಾಸ ನೋಡಿ ಸರ್ವರ್ ಆರಿಸುವ ವಿಧಾನ) ಸುಲಭ ಎನಿಸಿದರೂ ಬೇಡ. ಅದು ಐಪಿವಿ4 ವಿಳಾಸದ ಮೊದಲ ಮೂರು ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೊಬೈಲ್ ಡೇಟಾದಲ್ಲಿ ನೂರಾರು ಜನ ಒಂದೇ ಸಾರ್ವಜನಿಕ ಐಪಿಯಿಂದ ಬರುವುದರಿಂದ ಭಾರವೆಲ್ಲ ಒಂದೇ ಕಡೆ ಬೀಳಬಹುದು. ಅಂಗಡಿಯ ವೈಫೈ ಬಿಟ್ಟು ರಸ್ತೆಗಿಳಿದವನ ಐಪಿ ಬದಲಾದರೆ ಲಾಗಿನ್ ಮತ್ತೆ ಹೋಯಿತು. ಬದಲಿಗೆ ಎಚ್‌ಎ ಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ಕುಕ್ಕಿ ಇನ್ಸರ್ಟ್ ವಿಧಾನ (ಯಾವ ಸರ್ವರ್ ಎಂದು ತನ್ನದೇ ಕುಕ್ಕಿಯಲ್ಲಿ ಬರೆದಿಡುವುದು) ಹಾಕಿ, ಪ್ರತಿ ಸರ್ವರ್ ಸಾಲಿಗೂ ಬೇರೆ ಕುಕ್ಕಿ ಮೌಲ್ಯ ಕೊಡಿ. ಹೊಸ ವರ್ಷನ್ ಹಾಕುವ ಮೊದಲು ಆ ಸರ್ವರ್ ಅನ್ನು ಡ್ರೈನ್ ಸ್ಥಿತಿಗೆ ತಂದರೆ ಹೊಸಬರು ಅಲ್ಲಿಗೆ ಹೋಗುವುದಿಲ್ಲ. ಹಳಬರು ಮುಗಿಸಿಕೊಳ್ಳುವ ತನಕ ಕಾಯಿರಿ. ಆದರೆ ಸರ್ವರ್ ಹಠಾತ್ತನೆ ಬಿದ್ದರೆ ಅದರಲ್ಲಿದ್ದವರೆಲ್ಲ ಹೊರಗೆ.

ಟಾಮ್‌ಕ್ಯಾಟ್‌ನದೇ ಕ್ಲಸ್ಟರಿಂಗ್ (ಸರ್ವರ್‌ಗಳನ್ನು ಜೊತೆಗೂಡಿಸುವುದು) ಇದೆಯಲ್ಲ ಎನ್ನಬಹುದು. ಅದರ ಡೆಲ್ಟಾ ಮ್ಯಾನೇಜರ್ ಪ್ರತಿ ಸೆಷನ್ ಅನ್ನೂ ಎಲ್ಲ ಸರ್ವರ್‌ಗೂ ನಕಲು ಮಾಡುತ್ತದೆ. ಎರಡು ಮೂರು ಯಂತ್ರಕ್ಕೆ ಸರಿ. ಆ್ಯಪ್‌ನ ವೆಬ್.ಎಕ್ಸ್‌ಎಂಎಲ್ ಫೈಲ್‌ನಲ್ಲಿ ಡಿಸ್ಟ್ರಿಬ್ಯೂಟೆಬಲ್ ಟ್ಯಾಗ್ ಮರೆಯಬಾರದು. ಸಂಗಾತಿಗಳನ್ನು ಹುಡುಕಲು ಅದು 228.0.0.4 ವಿಳಾಸದ 45564 ಪೋರ್ಟ್‌ನಲ್ಲಿ ಮಲ್ಟಿಕಾಸ್ಟ್ (ಒಂದೇ ಸಂದೇಶವನ್ನು ಗುಂಪಿಗೆಲ್ಲ ಕಳಿಸುವುದು) ಬಳಸುತ್ತದೆ. ಕ್ಲೌಡ್ ನೆಟ್‌ವರ್ಕ್‌ಗಳಲ್ಲಿ ಇದು ಸಾಮಾನ್ಯವಾಗಿ ಓಡದು. ಆಗ ಎರಡೂ ಸರ್ವರ್ ತಮ್ಮ ಪಾಡಿಗೆ ತಾವು ಓಡುತ್ತವೆ, ಎರರ್ ಮಾತ್ರ ಕಾಣುವುದಿಲ್ಲ. ಲಾಗ್‌ನಲ್ಲಿ ‘ರೆಪ್ಲಿಕೇಶನ್ ಮೆಂಬರ್ ಆ್ಯಡೆಡ್’ ಸಾಲು ಬಂತೇ ನೋಡಿ.

ನಮ್ಮ ಸಲಹೆ: ಸೆಷನ್ ಅನ್ನು ಸರ್ವರ್‌ಗಳಿಂದ ಹೊರಗೆ, ಎಲ್ಲ ಸರ್ವರ್‌ಗೂ ಎಟುಕುವ ರೆಡಿಸ್ ಎಂಬ ವೇಗದ ಡೇಟಾ ಸಂಗ್ರಹದಲ್ಲಿ ಇಡಿ. ನಿಮ್ಮ ಆ್ಯಪ್ ಬರೆದದ್ದು ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಆದರೆ ಸ್ಪ್ರಿಂಗ್ ಸೆಷನ್‌ನ ರೆಡಿಸ್ ಲೈಬ್ರರಿ ಸೇರಿಸಿ, ಹೋಸ್ಟ್, ಪೋರ್ಟ್ 6379, ಟೈಮ್‌ಔಟ್ 30 ನಿಮಿಷ ಕೊಡಿ. ಕುಕ್ಕಿಯ ಹೆಸರು ಸೆಷನ್ ಎಂದು ಬದಲಾಗುವುದರಿಂದ ಆವತ್ತು ಎಲ್ಲರೂ ಒಮ್ಮೆ ಲಾಗ್‌ಔಟ್ ಆಗುತ್ತಾರೆ, ರಾತ್ರಿ ಮಾಡಿ.

ಇಲ್ಲಿ ಬಹುಪಾಲು ತಂಡಗಳು ಎಡವುವುದು ಕೋಡ್‌ನಲ್ಲಿ. ಸೆಷನ್ ಓದುವ ಗೆಟ್‌ಆಟ್ರಿಬ್ಯೂಟ್‌ನಿಂದ ಕಾರ್ಟ್ ತೆಗೆದುಕೊಂಡು, ಅದಕ್ಕೆ 32 ಸೈಜಿನ ಒಂದು ಡಜನ್ ಸೇರಿಸಿ ಸುಮ್ಮನಾಗುತ್ತಾರೆ. ಒಂದೇ ಸರ್ವರ್ ಇದ್ದಾಗ ಅದು ನಡೆಯುತ್ತಿತ್ತು, ಯಾಕೆಂದರೆ ಮೆಮೊರಿಯಲ್ಲಿದ್ದದ್ದು ಅದೇ ವಸ್ತು. ಈಗ ಸೆಷನ್‌ಗೆ ಬರೆಯುವ ಸೆಟ್‌ಆಟ್ರಿಬ್ಯೂಟ್ ಮತ್ತೆ ಕರೆಯದಿದ್ದರೆ ಬದಲಾವಣೆ ರೆಡಿಸ್‌ಗೆ ಹೋಗುವುದೇ ಇಲ್ಲ. ಕರೆದರೂ, ಎರಡು ಟ್ಯಾಬ್‌ನಿಂದ ಒಟ್ಟಿಗೆ ಬರೆದರೆ ಕೊನೆಯದು ಮೊದಲಿನದನ್ನು ಅಳಿಸುತ್ತದೆ. ಆದ್ದರಿಂದ ಕಾರ್ಟ್ ಡೇಟಾಬೇಸಿನಲ್ಲಿರಲಿ. ಸೆಷನ್‌ನಲ್ಲಿ ಗ್ರಾಹಕರ ಐಡಿ, ಅಧಿಕಾರದ ಮಟ್ಟ, ಇಷ್ಟೇ. ದೊಡ್ಡ ಆಬ್ಜೆಕ್ಟ್ ಇಟ್ಟರೆ ಅದು ಸೀರಿಯಲೈಸಬಲ್ (ಬೈಟ್‌ಗಳಾಗಿ ಬರೆದು ಮತ್ತೆ ಓದಬಲ್ಲದ್ದು) ಆಗಿರಬೇಕು. ಮುಂದಿನ ವರ್ಷನ್‌ನಲ್ಲಿ ಕ್ಲಾಸ್ ಬದಲಾಯಿತೋ, ಹಳೆಯ ಕುಕ್ಕಿ ಇರುವವರಿಗೆಲ್ಲ ಪ್ರತಿ ಪುಟದಲ್ಲೂ 500 ಎರರ್ (ಸರ್ವರ್ ಒಳಗಿನ ದೋಷ) ಬರಬಹುದು.

ಸೆಷನ್‌ಗೆ 5 ಕೆಬಿ ಎಂದು ಹಿಡಿದರೆ 10,000 ಸೆಷನ್‌ಗೆ ಸುಮಾರು 50 ಎಂಬಿ. 256 ಎಂಬಿ ಮೀಸಲಿಟ್ಟರೆ ಆರಾಮ. ಕ್ಯಾಶ್‌ಗೆ ಬಳಸುವ ರೆಡಿಸ್‌ನಲ್ಲೇ ಸೆಷನ್ ತುರುಕಬೇಡಿ: ಅಲ್ಲಿ ಆಲ್‌ಕೀಸ್ ಎಲ್‌ಆರ್‌ಯು ನೀತಿ (ಬಹಳ ಹೊತ್ತಿನಿಂದ ಮುಟ್ಟದ್ದನ್ನು ಮೊದಲು ಅಳಿಸುವುದು) ಇದ್ದರೆ ಜಾಗ ಸಾಲದಾದಾಗ ಸೆಷನ್‌ಗಳನ್ನೂ ಎತ್ತಿ ಬಿಸಾಡುತ್ತದೆ. ಸೆಷನ್‌ಗೆ ಪ್ರತ್ಯೇಕ ರೆಡಿಸ್, ಏನನ್ನೂ ತಾನಾಗಿ ಬಿಸಾಡದ ನೋಎವಿಕ್ಷನ್ ನೀತಿ. ಅಂಗಡಿಯಲ್ಲೇ ಯಂತ್ರ ಇಟ್ಟು ಯುಪಿಎಸ್ ನಂಬಿಕೊಂಡವರು ರೆಡಿಸ್‌ನ ಅಪೆಂಡ್ ಓನ್ಲಿ ಫೈಲ್ (ಪ್ರತಿ ಬರಹವನ್ನೂ ಡಿಸ್ಕ್‌ನ ಫೈಲ್‌ಗೆ ಸೇರಿಸುವುದು) ಆನ್ ಮಾಡಿ, ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಬರೆಯುವ ಎವರಿಸೆಕ್ ಇಡಿ. ಕರೆಂಟ್ ಹೋದರೆ ಹೆಚ್ಚುಕಡಿಮೆ ಕೊನೆಯ ಒಂದು ಸೆಕೆಂಡಿನ ಬರಹ ಮಾತ್ರ ಹೋಗುತ್ತದೆ. ರೆಡಿಸ್ ಬಿದ್ದಾಗ ತಾನಾಗಿ ಬದಲಿ ಎದ್ದು ನಿಲ್ಲಬೇಕಾದರೆ ಮೂರು ಸೆಂಟಿನೆಲ್ (ರೆಡಿಸ್ ಅನ್ನು ಕಾಯುವ ಕಾವಲು ಪ್ರೋಗ್ರಾಂ) ಬೇಕು. 6379 ಅನ್ನು ಯಾವ ಕಾರಣಕ್ಕೂ ಇಂಟರ್‌ನೆಟ್‌ಗೆ ತೆರೆಯಬೇಡಿ. ಪಾಸ್‌ವರ್ಡ್ ಹಾಕಿ. ಕುಕ್ಕಿಗೆ ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಷ್ಟೇ ಹೋಗುವಂತೆ), ಎಚ್‌ಟಿಟಿಪಿ ಓನ್ಲಿ (ಪುಟದ ಸ್ಕ್ರಿಪ್ಟ್‌ಗೆ ಸಿಗದಂತೆ) ಎರಡೂ ಇರಲಿ.

ಪರೀಕ್ಷೆಗೆ, ಎಚ್‌ಎ ಪ್ರಾಕ್ಸಿಯ ಅಂಟಿಸುವ ಕುಕ್ಕಿ ತೆಗೆದುಹಾಕಿ. ಲಾಗಿನ್ ಆಗಿ, ಕಾರ್ಟ್‌ಗೆ ಎರಡು ಸೈಜ್ ಹಾಕಿ, ಆ್ಯಪ್1 ನಿಲ್ಲಿಸಿ ಪುಟ ರಿಫ್ರೆಶ್ ಮಾಡಿ. ಅದನ್ನು ಎಬ್ಬಿಸಿ, ಆ್ಯಪ್2 ನಿಲ್ಲಿಸಿ ಮತ್ತೆ ನೋಡಿ. ಕೊನೆಗೆ ಎರಡನ್ನೂ ಎಬ್ಬಿಸಿ, ಸೆಷನ್ ಕುಕ್ಕಿಯ ಮೌಲ್ಯವನ್ನು ಬರೆದಿಟ್ಟುಕೊಂಡು ಲಾಗ್‌ಔಟ್ ಮಾಡಿ. ಅದೇ ಕುಕ್ಕಿಯನ್ನು ಕರ್ಲ್‌ನಿಂದ (ವೆಬ್ ಕೋರಿಕೆ ಕಳಿಸುವ ಕಮಾಂಡ್) ಎರಡೂ ಸರ್ವರ್‌ಗೆ ನೇರವಾಗಿ ಕಳಿಸಿ. ಎರಡೂ ಕಡೆ ಲಾಗಿನ್ ಪುಟವೇ ಬರಬೇಕು. ಒಂದರಲ್ಲಿ ಆರ್ಡರ್ ಪಟ್ಟಿ ತೆರೆದುಕೊಂಡರೆ ಆ ಸರ್ವರ್ ಇನ್ನೂ ತನ್ನ ಮೆಮೊರಿಯಲ್ಲೇ ಸೆಷನ್ ಇಟ್ಟುಕೊಂಡಿದೆ.